ಕವರ್ ಬಿಟ್ಟು ಬೇರೇನು ಕೊಡೋಣ? ಮದುವೆ, ಗೃಹಪ್ರವೇಶ, ಬಾಣಂತನದ ಉಡುಗೊರೆಗಳ ಹೋಲಿಕೆ

ಈಚೆಗೆ ಮೂರು ಜನ ನನ್ನನ್ನು ಹೆಚ್ಚುಕಮ್ಮಿ ಒಂದೇ ಮಾತು ಕೇಳಿದರು. ಮೈಸೂರಿನ ಒಬ್ಬರಿಗೆ ಜೊತೆಯಲ್ಲಿ ಕೆಲಸ ಮಾಡುವವರ ಗೃಹಪ್ರವೇಶವಿದೆ. ನಾಲ್ಕನೇ ಮಹಡಿಯ ಫ್ಲ್ಯಾಟು, ಖರ್ಚು ಮಾಡಬಹುದಾದದ್ದು 1,500 ರೂಪಾಯಿ. 'ಇನ್ನೊಂದು ಗೋಡೆ ಗಡಿಯಾರ ಕೊಡೋಕೆ ಮನಸ್ಸಿಲ್ಲ' ಅಂದರು. ಹುಬ್ಬಳ್ಳಿಯ ಹುಡುಗನೊಬ್ಬನಿಗೆ ಅಕ್ಕನ ಮದುವೆ. ಒಡವೆಯ ಬದಲು ಅಕ್ಕನ ಹೆಸರಲ್ಲಿ ದಾನ ಮಾಡೋಣ ಅಂತ ಆಸೆ, ಮನೆಯ ಹಿರಿಯರು ಏನಂತಾರೋ ಅಂತ ಅಳುಕು. ಮೂರನೆಯವರು ಅಮೆರಿಕದಲ್ಲಿದ್ದಾರೆ. ಬೆಂಗಳೂರಿನ ಗೆಳತಿಗೆ ಹೆರಿಗೆ ಆಗಿದೆ, ಇಲ್ಲಿಂದ ಬಟ್ಟೆ ಕಳಿಸುವುದು ಬಿಟ್ಟು ಬೇರೇನು ಮಾಡಲಿ ಅಂತ ಕೇಳಿದರು.

ಗಿಡ, ಪುಸ್ತಕ, ಕೌದಿ, ದಾನ, ಪ್ರವಾಸ ಅಂತ ಪಟ್ಟಿಯನ್ನು ಅವರೇ ಹೇಳಿದರು. ಅವರಿಗೆ ಬಗೆಹರಿಯದಿದ್ದದ್ದು ಬೇರೆ: ಯಾವುದು ಯಾರ ಮನೆಗೆ ಒಗ್ಗುತ್ತದೆ, ಹೇಗೆ ಕೊಟ್ಟರೆ ಯಾರಿಗೂ ಮುಜುಗರ ಆಗುವುದಿಲ್ಲ ಅನ್ನುವುದು. ನಾನು ಇಂಥವನ್ನು ಕೊಟ್ಟೂ ಇದ್ದೇನೆ, ಪಡೆದೂ ಇದ್ದೇನೆ. ಅದರಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕವರಿಗೂ ಒಂದು ಮರ್ಯಾದೆ ಇದೆ

ಬೇರೆ ಥರದ ಉಡುಗೊರೆ ಕೊಡಬೇಕು ಅನ್ನುವವರು ಮೊದಲು ಕವರನ್ನು ಹಗುರವಾಗಿ ಮಾತಾಡುತ್ತಾರೆ. ಅದು ಸರಿಯಲ್ಲ. 101, 501, 1,001 ಅಂತ ಒಂದು ರೂಪಾಯಿ ಸೇರಿಸಿ ಕೊಡುವ ಮುಯ್ಯಿ ಬರೀ ದುಡ್ಡಲ್ಲ. ಛತ್ರದಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಹೆಸರು, ಊರು, ಮೊತ್ತ ಬರೆದುಕೊಳ್ಳುತ್ತಾರೆ. ನಾಳೆ ನಮ್ಮ ಮನೆಯ ಮದುವೆಗೆ ಅವರು ಆ ಪುಟ ತೆಗೆದು ನೋಡಿ, ಅದಕ್ಕಿಂತ ಸ್ವಲ್ಪ ಜಾಸ್ತಿ ಸೇರಿಸಿ ತರುತ್ತಾರೆ. ಉತ್ತರ ಕರ್ನಾಟಕದ ಕಡೆ ಆಯೇರಿಯಲ್ಲಿ ಸೀರೆ, ಕುಪ್ಪಸದ ಕಣ, ಟವೆಲ್ ಕೊಡುವಾಗಲೂ ಇದೇ ಲೆಕ್ಕ. ಮದುವೆಯ ಖರ್ಚು ಒಂದೇ ಮನೆಯ ತಲೆ ಮೇಲೆ ಬೀಳದ ಹಾಗೆ ಊರು, ನೆಂಟರು ಹಂಚಿಕೊಂಡ ವ್ಯವಸ್ಥೆ ಇದು. ಸಾಲ ಮಾಡಿ ಮದುವೆ ಮಾಡುತ್ತಿರುವ ಮನೆಗೆ ನಾವು ಚೆಂದದ ಕಲಾಕೃತಿ ಹಿಡಿದು ಹೋದರೆ ಅವರ ಅಡುಗೆಯವರ ಬಾಕಿ ತೀರುವುದಿಲ್ಲ ಅಲ್ವಾ?

ಹಾಗಾಗಿ ನನ್ನ ಮೊದಲ ಸಲಹೆ ಇದು. ನಿಮ್ಮ ಮನೆಯ ಹೆಸರು ಅವರ ಮುಯ್ಯಿ ಪುಸ್ತಕದಲ್ಲಿದ್ದರೆ, ಅವರದ್ದು ನಿಮ್ಮಲ್ಲಿದ್ದರೆ, ಆ ಲೆಕ್ಕವನ್ನು ಮೊದಲು ಚುಕ್ತಾ ಮಾಡಿ. ಬೇರೆ ಉಡುಗೊರೆ ಅದರ ಮೇಲೆ. ಮುಯ್ಯಿಯನ್ನು ಉಡುಗೊರೆಯಲ್ಲಿ ತೀರಿಸಲು ಹೋದರೆ ಅವರಿಗೆ ಅದನ್ನು ಪುಸ್ತಕದಲ್ಲಿ ಎಷ್ಟು ಅಂತ ಬರೆಯಬೇಕೋ ತಿಳಿಯುವುದಿಲ್ಲ. ಮುಂದೆ ಎಷ್ಟು ಹಿಂದಿರುಗಿಸಬೇಕು ಅನ್ನುವುದೂ ತಿಳಿಯುವುದಿಲ್ಲ. ಅದೊಂದು ಚಿಕ್ಕ ಸಂಕಟವಾಗಿ ಉಳಿದುಬಿಡುತ್ತದೆ.

ಯಾವುದರಿಂದ ಅಳೆಯಬೇಕು

ನನ್ನ ಗೆಳತಿಯೊಬ್ಬಳು ಬೆಂಗಳೂರಿನಲ್ಲಿ ಮೂರನೇ ಮಹಡಿಯ ಮನೆ ಕೊಂಡಾಗ ಕಸಿ ಮಾವಿನ ಸಸಿ ಕೊಟ್ಟಿದ್ದೆ. ಕೊಡುವಾಗ ನನಗೆ ತುಂಬಾ ಖುಷಿಯಿತ್ತು. ಅವಳು ಅದನ್ನು ದೊಡ್ಡ ಕುಂಡಕ್ಕೆ ಹಾಕಿ ಬಾಲ್ಕನಿಯಲ್ಲಿಟ್ಟಳು. ಬೇಸಿಗೆಯಲ್ಲಿ ಎರಡು ಹೊತ್ತು ನೀರು ಹಾಕಿದಳು, ಊರಿಗೆ ಹೋದಾಗ ಪಕ್ಕದ ಮನೆಯವರಿಗೆ ಹೇಳಿ ಹೋದಳು. ಎರಡು ವರ್ಷದ ಮೇಲೆ ಪುಣೆಗೆ ವರ್ಗವಾದಾಗ ನನಗೆ ಫೋನ್ ಮಾಡಿದಳು. 'ಗಿಡ ಬೇರೆಯವರಿಗೆ ಕೊಡಬಹುದಾ? ನಿಂಗೆ ಬೇಜಾರಾಗಲ್ಲ ತಾನೆ?' ಅಂತ ಕೇಳುವಾಗ ಅವಳ ದನಿ ಸಣ್ಣಗಾಗಿತ್ತು. ಉಡುಗೊರೆ ಅಂತ ಹೇಳಿ ನಾನು ಅವಳಿಗೆ ಎರಡು ವರ್ಷದ ಕೆಲಸ ಕೊಟ್ಟಿದ್ದೆ.

ಅಂದಿನಿಂದ ನನ್ನ ಮೊದಲ ಅಳತೆ ಅದೇ: ಇದು ಅವರಿಗೆ ಕೆಲಸವಾಗುತ್ತದಾ? ಜಾಗ ಮಾಡುವುದು, ನೋಡಿಕೊಳ್ಳುವುದು, ದಿನಾಂಕ ಹೊಂದಿಸುವುದು, ಬಂದವರಿಗೆಲ್ಲ ವಿವರಿಸುವುದು, ಎಲ್ಲವೂ ಕೆಲಸವೇ. ಮಾಮೂಲಿ ಉಡುಗೊರೆಗೆ ಮನೆಯಲ್ಲಿ ಆಗಲೇ ಒಂದು ಜಾಗ, ಒಂದು ರೂಢಿ ಇರುತ್ತದೆ. ಮಾಮೂಲಿ ಅಲ್ಲದ್ದಕ್ಕೆ ಅದು ಇರುವುದಿಲ್ಲ. ಆ ಕೆಲಸವನ್ನು ಕೊಡುವವರೇ ಹೊತ್ತುಕೊಳ್ಳಬೇಕು. ಇಂಥ ಉಡುಗೊರೆಯ ರೀತಿನೀತಿ ಪೂರಾ ಇದರಲ್ಲೇ ಇದೆ ಅಂತ ನನಗನ್ನಿಸುತ್ತದೆ.

ಉಳಿದ ಅಳತೆಗಳು ಇದರಿಂದಲೇ ಹುಟ್ಟುತ್ತವೆ. ಮನೆಯ ಅಜ್ಜಿಗೆ ಒಂದೇ ಮಾತಿನಲ್ಲಿ ಅದನ್ನು ಹೇಳಲು ಬರಬೇಕು. ಬೇಡ ಅನ್ನಿಸಿದರೆ ಅವರು ಅದನ್ನು ಬೇರೆಯವರಿಗೆ ದಾಟಿಸಲು ದಾರಿ ಇರಬೇಕು. ಕೊಡುವ ಹೊತ್ತು, ಜಾಗ ಸರಿ ಇರಬೇಕು. ಕೊನೆಗೆ ಖರ್ಚು. ಖರ್ಚು ಅಂದಾಗ ರೂಪಾಯಿ ಮಾತ್ರ ಅಲ್ಲ, ನಿಮ್ಮ ದಿನಗಳೂ ಲೆಕ್ಕಕ್ಕೆ ಬರುತ್ತವೆ. ಕೆಳಗಿನ ಕೆಲವು ಉಡುಗೊರೆಗಳಿಗೆ ದುಡ್ಡು ಬೇಡವೇ ಬೇಡ, ಪುರುಸೊತ್ತು ಮಾತ್ರ ತುಂಬಾ ಬೇಕು.

ಗಿಡ

ಮೇಲಿನ ಕತೆಯ ನಂತರವೂ ನಾನು ಗಿಡ ಕೊಡುತ್ತೇನೆ, ಆದರೆ ಮನೆ ನೋಡಿ ಕೊಡುತ್ತೇನೆ. ಜಮೀನು, ಹಿತ್ತಲು ಇರುವವರಿಗೆ ತೆಂಗು, ಕಸಿ ಹಲಸು, ನಿಂಬೆ ಬಹಳ ಒಳ್ಳೆಯದು. ನಾಟಿ ತೆಂಗು ಫಲ ಬಿಡಲು ಆರೇಳು ವರ್ಷ ಬೇಕು. ಆ ಹೊತ್ತಿಗೆ ಮದುಮಕ್ಕಳ ಮಗು ಶಾಲೆಗೆ ಹೋಗುತ್ತಿರುತ್ತದೆ. ತೋಟಗಾರಿಕೆ ಇಲಾಖೆಯ ನರ್ಸರಿಗಳಲ್ಲಿ ನಂಬಿಕೆಯ ಸಸಿ ಕಡಿಮೆ ಬೆಲೆಗೆ ಸಿಗುತ್ತದೆ.

ಒಂದು ತೊಡಕಿದೆ. ನಮ್ಮಲ್ಲಿ ಮದುವೆಗಳು ಜಾಸ್ತಿ ಏಪ್ರಿಲ್, ಮೇ ತಿಂಗಳಲ್ಲಿ. ಸಸಿ ನೆಡಬೇಕಾದ್ದು ಮುಂಗಾರು ಹಿಡಿದ ಮೇಲೆ. ಛತ್ರದಲ್ಲಿ ಕೊಟ್ಟ ಸಸಿ ಟೆಂಪೋದಲ್ಲಿ ಬಾಡಿ, ಮನೆಯ ಮೂಲೆಯಲ್ಲಿ ಒಣಗುತ್ತದೆ. ಮದುವೆಗೆ ಒಂದು ಕಾಗದ ಬರೆದುಕೊಟ್ಟು, ಜೂನ್‌ನಲ್ಲಿ ನೀವೇ ಸಸಿ, ಗೊಬ್ಬರ ಸಮೇತ ಹೋಗಿ ಗುಂಡಿ ತೆಗೆದು ನೆಟ್ಟು ಬನ್ನಿ. ಆಗ ಕೆಲಸ ನಿಮ್ಮದಾಯಿತು.

ಫ್ಲ್ಯಾಟಿನವರಿಗೆ ಆದರೆ ದೊಡ್ಡಪತ್ರೆ, ಕರಿಬೇವು, ಮನಿ ಪ್ಲಾಂಟ್‌ನಂಥ ತಡೆದುಕೊಳ್ಳುವ ಗಿಡ, ಚಿಕ್ಕ ಕುಂಡ, ಅಷ್ಟೇ. ಹುಣಸೆ, ನುಗ್ಗೆ ಮನೆ ಪಕ್ಕ ಬೇಡ ಅನ್ನುವ ಹಿರಿಯರು ಬಹಳ ಕಡೆ ಇದ್ದಾರೆ. ನಿಮಗೆ ಆ ನಂಬಿಕೆ ಇಲ್ಲದಿರಬಹುದು. ಗೃಹಪ್ರವೇಶದ ದಿನ ಅದನ್ನು ಪರೀಕ್ಷೆ ಮಾಡುವುದು ಬೇಡ.

ಪುಸ್ತಕ

2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ತನ್ನ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ ಕೊಡುವುದನ್ನು ನಿಲ್ಲಿಸಿ, ಬೇಕಾದರೆ ಕನ್ನಡ ಪುಸ್ತಕ ಕೊಡಿ ಅಂತ ಸುತ್ತೋಲೆ ಹೊರಡಿಸಿತು. 2023ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಯಾದಾಗ ಸಿದ್ದರಾಮಯ್ಯನವರೂ ಹಾರ, ಶಾಲಿನ ಬದಲು ಪುಸ್ತಕ ಕೊಡಿ ಅಂದರು. ಹಾಗಾಗಿ ಪುಸ್ತಕ ಈಗ ಅಷ್ಟೇನೂ ವಿಚಿತ್ರವಾದ ಉಡುಗೊರೆಯಲ್ಲ. ಹಿರಿಯರಿಗೂ ವಿವರಿಸಬೇಕಿಲ್ಲ, ಸರಸ್ವತಿ ಅಂತ ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಾರೆ.

ತೊಂದರೆ ಇರುವುದು ಆಯ್ಕೆಯಲ್ಲಿ. ನಮಗೆ ಇಷ್ಟವಾದದ್ದನ್ನು ಅವರೂ ಓದಲಿ ಅಂತ ಕೊಡುತ್ತೇವೆ. ಅದು ಉಡುಗೊರೆಗಿಂತ ಉಪದೇಶದ ಹಾಗೆ ಕಾಣಬಹುದು. ಹೊಸ ಮದುಮಕ್ಕಳಿಗೆ ಸಂಸಾರ ಹೇಗೆ ಮಾಡಬೇಕು ಅನ್ನುವ ಪುಸ್ತಕ ದಯವಿಟ್ಟು ಕೊಡಬೇಡಿ. ಅವರು ಓದುವವರಾಗಿದ್ದರೆ ಮೊದಲೇ ಕೇಳಿ ತಿಳಿದುಕೊಳ್ಳಿ. ಮೊದಲ ಪುಟದಲ್ಲಿ ಬರೆಯುವ ಬದಲು ಬೇರೆ ಕಾರ್ಡಿನಲ್ಲಿ ಬರೆದಿಟ್ಟರೆ, ಅವರ ಹತ್ತಿರ ಆ ಪುಸ್ತಕ ಆಗಲೇ ಇದ್ದರೆ ಬದಲಾಯಿಸಿಕೊಳ್ಳಬಹುದು.

ಪುಸ್ತಕ ನಿಜವಾಗಿ ಗೆಲ್ಲುವುದು ಮಗು ಇರುವ ಮನೆಯಲ್ಲಿ. ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್ ಇವರ ಕನ್ನಡ ಚಿತ್ರಪುಸ್ತಕಗಳು ತುಂಬಾ ಅಗ್ಗ. 500 ರೂಪಾಯಿಗೆ ಒಂದು ಪುಟ್ಟ ಕಟ್ಟೇ ಬರುತ್ತದೆ. ಹೊರದೇಶದಲ್ಲಿರುವ ಕನ್ನಡ ಮನೆಗಳಿಗಂತೂ ಇದನ್ನು ಮೀರಿದ ಉಡುಗೊರೆ ಕಡಿಮೆ. ಅಲ್ಲಿ ಅಂಗಡಿಗೆ ಹೋಗಿ ಕನ್ನಡ ಪುಸ್ತಕ ಆರಿಸುವ ಅವಕಾಶ ಇಲ್ಲ. ಬ್ಯಾಗಿನಲ್ಲಿ ಜಾಸ್ತಿ ತೂಕವೂ ಆಗುವುದಿಲ್ಲ.

ಕೈಕಸುಬಿನ ವಸ್ತು, ಅದರಲ್ಲೂ ಕೌದಿ

ಚನ್ನಪಟ್ಟಣದ ಗೊಂಬೆ, ಬೀದರಿನ ಬಿದರಿ ಸಾಮಾನು, ನವಲಗುಂದದ ಜಮಖಾನ, ಕೌದಿ. ಎಲ್ಲವೂ ಚೆಂದ. ಆದರೆ ಎಲ್ಲವೂ ಎಲ್ಲ ಮನೆಗಲ್ಲ.

ಬಿದರಿ ಸತು, ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಮಾಡುವ ಕೆಲಸ. 2023ರಲ್ಲಿ ಬೀದರಿನ ಕುಶಲಕರ್ಮಿ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಕಲೆ ದೊಡ್ಡದು, ಬೆಲೆಯೂ ಜಾಸ್ತಿ. ಸಮಸ್ಯೆ ಬಣ್ಣದ್ದು. ಮದುವೆ, ಗೃಹಪ್ರವೇಶಕ್ಕೆ ಕಪ್ಪು ವಸ್ತು ತಂದರೆ ಕೆಲವು ಮನೆಗಳಲ್ಲಿ ಮುಖ ಸಣ್ಣದಾಗುತ್ತದೆ. ಹಾಗಾಗಿ ಇದನ್ನು ನಿವೃತ್ತಿ, ಪ್ರಶಸ್ತಿ, ಹೊರ ರಾಜ್ಯದ ಅತಿಥಿಗಳಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ಕಲೆ ಗೊತ್ತಿರುವ ಮನೆಯಾದರೆ ಮಾತೇ ಬೇರೆ.

ಚನ್ನಪಟ್ಟಣದ್ದು ಮಗು ಇರುವ ಮನೆಗೆ ಒಗ್ಗುತ್ತದೆ. ಆಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹಿಡಿಸುತ್ತಾರೆ. ಮಗು ಬಾಯಿಗಿಡುತ್ತದೆ ಅನ್ನುವ ಭಯಕ್ಕೆ, ತರಕಾರಿ ಬಣ್ಣ ಬಳಸಿದ್ದಾ ಅಂತ ಕೇಳಿಯೇ ಕೊಳ್ಳಿ. ಸರ್ಕಾರದ ಕಾವೇರಿ ಮಳಿಗೆಯಲ್ಲೋ ಚನ್ನಪಟ್ಟಣದ ಕುಶಲಕರ್ಮಿಗಳ ಹತ್ತಿರವೋ ಕೊಂಡರೆ ಹೊರಗಿನ ನಕಲಿ ಸರಕಿನ ಚಿಂತೆ ಇರುವುದಿಲ್ಲ.

ಕೌದಿಯ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಸಾಲು ಹೊಲಿಗೆ ಹಾಕಿ ಮಾಡುವ ಹೊದಿಕೆ ಇದು. ಉತ್ತರ ಕರ್ನಾಟಕದ ಮನೆಗಳಲ್ಲಿ ಮಕ್ಕಳು ಬೆಳೆದದ್ದೇ ಇದರಲ್ಲಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕೌದಿಗೆ ಬೇರೆಯದೇ ಚೆಲುವು. ಬಣ್ಣ ಬಣ್ಣದ ತುಂಡುಗಳನ್ನು ಅಂಚಿನಿಂದ ಒಳಕ್ಕೆ ಜೋಡಿಸುತ್ತಾ ಬರುತ್ತಾರೆ. ಮೂಲೆಗಳಲ್ಲಿ ಮಡಚಿದ ಬಟ್ಟೆಯ ಹೂವು ಕೂರಿಸದಿದ್ದರೆ ಅವರ ಕಣ್ಣಿಗೆ ಕೌದಿ ಮುಗಿದ ಹಾಗಲ್ಲ.

ಅಂಗಡಿಯಿಂದ ತಂದ ಕೌದಿಯೂ ಒಳ್ಳೆಯದೇ. ಆದರೆ ಅವರದೇ ಮನೆಯ ಬಟ್ಟೆಯಲ್ಲಿ ಹೊಲಿಸಿದರೆ ಅದಕ್ಕೆ ಸಾಟಿಯಿಲ್ಲ. ನನ್ನ ತಂಗಿಗೆ ಮಗು ಹುಟ್ಟುವ ಮೊದಲು ಅಮ್ಮನ ನಾಲ್ಕು ಇಳಕಲ್ ಸೀರೆ, ಅಪ್ಪನ ಎರಡು ಪಂಚೆ ಒಟ್ಟುಮಾಡಿ ಊರಿನ ಒಬ್ಬರ ಹತ್ತಿರ ಹೊಲಿಸಿದೆ. ಮೂರು ವಾರ ಹಿಡಿಯಿತು. ಇದಕ್ಕೆ ಬಹಳ ಮುಂಚೆ ಹೊರಡಬೇಕು, ಅವರ ಮನೆಯ ಒಬ್ಬರನ್ನಾದರೂ ಜೊತೆ ಸೇರಿಸಿಕೊಳ್ಳಬೇಕು. ಕೇಳದೆ ಯಾರದೋ ಹಳೆಯ ಸೀರೆ ಕತ್ತರಿಸುವ ಹಾಗಿಲ್ಲ. ತೀರಿಕೊಂಡವರ ಬಟ್ಟೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕೆಲವರಿಗೆ ಅಜ್ಜಿಯ ಸೀರೆಯ ಮೆತ್ತೆ ಸಮಾಧಾನ ತರುತ್ತದೆ, ಕೆಲವರು ಅದನ್ನು ಎಳೆಮಗುವಿಗೆ ಹೊದಿಸಲು ಒಪ್ಪುವುದಿಲ್ಲ. ಎರಡೂ ಸರಿಯೇ. ಕೂಲಿ ಚೌಕಾಸಿ ಮಾಡಬೇಡಿ, ಆ ಹೊಲಿಗೆ ಕಣ್ಣು, ಬೆನ್ನು ಎರಡನ್ನೂ ತಿನ್ನುತ್ತದೆ. ಒಗೆಯುವುದು ಸುಲಭ, ಜಾಗ ಹಾಸಿಗೆಯ ಮೇಲೇ ಇದೆ. ನನ್ನ ಮೊದಲ ಅಳತೆಯಲ್ಲಿ ಕೌದಿ ಪೂರ್ತಿ ಗೆಲ್ಲುತ್ತದೆ.

ಬಳಸಿದ ವಸ್ತು ಕೊಡಬಹುದಾ?

ಜನ ಅತಿ ಹೆಚ್ಚು ಹಿಂಜರಿಯುವುದು ಇಲ್ಲಿ. ಹಳೆಯದನ್ನು ಕೊಟ್ಟರೆ ಜಿಪುಣತನ ಅಂದುಕೊಳ್ಳುತ್ತಾರಾ ಅಂತ.

ನಾನು ಹೊಸ ಮನೆ ಹೂಡಿದಾಗ ದೊಡ್ಡಮ್ಮ ತಾವು ಇಪ್ಪತ್ತು ವರ್ಷ ದೋಸೆ ಹೊಯ್ದ ಕಬ್ಬಿಣದ ಕಾವಲಿ ಕೊಟ್ಟರು. ಹೊಸ ಕಾವಲಿ ಪಳಗಲು ತಿಂಗಳುಗಟ್ಟಲೆ ಬೇಕು, ಮೊದಲ ದೋಸೆಗಳೆಲ್ಲ ಕಿತ್ತು ಬರುತ್ತವೆ. ಅಡುಗೆ ಮಾಡುವವರಿಗೆ ಪಳಗಿದ ಕಾವಲಿಯ ಬೆಲೆ ಗೊತ್ತು, ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ದೊಡ್ಡಮ್ಮ ಅದನ್ನು ಬರಿದಾಗಿ ತರಲಿಲ್ಲ. ಮೇಲೆ ಒಂದು ಪಾವು ಅಕ್ಕಿ, ಒಂದು ಅಚ್ಚು ಬೆಲ್ಲ ಇಟ್ಟು ತಂದಿದ್ದರು. ನಮ್ಮತ್ತೆ ಕಬ್ಬಿಣ ಅಂತ ಒಂದು ಕ್ಷಣ ತಡೆದರು. ಆಮೇಲೆ ಒಳಗೆ ಹೋಗಿ ಒಂದು ರೂಪಾಯಿ ತಂದು ದೊಡ್ಡಮ್ಮನ ಕೈಗಿಟ್ಟು, 'ಕೊಂಡುಕೊಂಡ ಹಾಗಾಯ್ತು ಬಿಡಿ' ಅಂದರು. ಇಬ್ಬರೂ ನಕ್ಕರು. 'ಸೋಪು ಹಾಕಬೇಡ ಕಣೆ, ಅರ್ಧ ಈರುಳ್ಳಿಯಲ್ಲಿ ಎಣ್ಣೆ ಸವರು' ಅಂತ ದೊಡ್ಡಮ್ಮ ನನಗೆ ಹೇಳಿ ಹೋದರು.

ಇಲ್ಲಿಂದ ನಾನು ಕಲಿತ ಮಾತು: ಬಳಸಿದ್ದು ಹೊಸದಕ್ಕಿಂತ ಮೇಲಾಗಿದ್ದರೆ ಮಾತ್ರ ಕೊಡಬಹುದು. ಕಾವಲಿ, ಹಿತ್ತಾಳೆ ಪಾತ್ರೆ, ತಾಮ್ರದ ಹಂಡೆ, ಗಟ್ಟಿ ಮರದ ತೊಟ್ಟಿಲು ಹಾಗಿರುತ್ತವೆ. ಮಿಕ್ಸಿ, ಮೊಬೈಲು ಹಾಗಲ್ಲ. ಅವನ್ನು ಬೇಕಾದವರಿಗೆ ಕೊಡಿ, ಉಡುಗೊರೆ ಅಂತ ಕರೆಯಬೇಡಿ. ಪಾತ್ರೆಯಾದರೆ ಕಲಾಯಿ ಮಾಡಿಸಿ, ಬರಿದಾಗಿ ಕೊಡದೆ ಒಳಗೆ ಏನಾದರೂ ಹಾಕಿ ಕೊಡಿ. ಅಕ್ಕಪಕ್ಕದವರ ಡಬ್ಬಿಯನ್ನೇ ನಾವು ಖಾಲಿ ಹಿಂದಿರುಗಿಸುವುದಿಲ್ಲ. ಮತ್ತೆ, ಇದನ್ನು ಬಳಗದಲ್ಲೋ ಬಹಳ ಹತ್ತಿರದ ಗೆಳೆಯರಲ್ಲೋ ಮಾತ್ರ ಮಾಡಿ. ಆಫೀಸಿನವರಿಗೆ, ಬೀಗರಿಗೆ ಬೇಡ. ಬೀಗರ ಮನೆಯಲ್ಲಿ ಹಳೆಯ ಹಂಡೆಯ ಹಿಂದಿನ ಪ್ರೀತಿ ಯಾರಿಗೂ ಗೊತ್ತಿರುವುದಿಲ್ಲ, ಹಂಡೆಯ ಮೇಲಿನ ಗೀರು ಮಾತ್ರ ಕಾಣುತ್ತದೆ.

ದಾನ

ಹುಬ್ಬಳ್ಳಿಯ ಹುಡುಗನ ಅಳುಕಿಗೆ ಕಾರಣವಿದೆ. ನಮ್ಮಲ್ಲಿ ಒಬ್ಬರ ಹೆಸರಲ್ಲಿ ದಾನ ಮಾಡುವುದು ಹೆಚ್ಚಾಗಿ ತೀರಿಕೊಂಡವರ ತಿಥಿ, ಪುಣ್ಯತಿಥಿಗೆ. ಮದುಮಗಳ ಹೆಸರಲ್ಲಿ ರಸೀದಿ ತಂದರೆ ಅಜ್ಜಿಯ ಎದೆ ಝಲ್ ಅನ್ನಬಹುದು. ಅದೇ ದಾನವನ್ನು ಅನ್ನದ ರೂಪದಲ್ಲಿ, ಶುಭದ ಜೊತೆ ಸೇರಿಸಿದರೆ ಯಾರೂ ಬೇಡ ಅನ್ನುವುದಿಲ್ಲ. ಅವಳ ಮದುವೆಯ ದಿನ ಒಂದು ಮಠದಲ್ಲೋ ಶಾಲೆಯಲ್ಲೋ ಮಕ್ಕಳಿಗೆ ಸಿಹಿ ಊಟ. ಅಥವಾ ಅವಳು ಓದಿದ ಸರ್ಕಾರಿ ಶಾಲೆಗೆ ಪುಸ್ತಕ, ಆಟದ ಸಾಮಾನು. ನನಗೆ ಎರಡನೆಯದೇ ಹೆಚ್ಚು ಇಷ್ಟ, ಯಾಕೆಂದರೆ ಅದರಲ್ಲಿ ಅಕ್ಕ ಇದ್ದಾಳೆ.

ಇಲ್ಲಿ ಮೂರು ಎಚ್ಚರ. ಅದು ನಿಮ್ಮ ಇಷ್ಟದ ಸಂಸ್ಥೆಯಾಗಿರದೆ ಅವರ ಮನಸ್ಸಿಗೆ ಹತ್ತಿರವಾದದ್ದಾಗಿರಬೇಕು. ಮತ, ಪಕ್ಷ ಬೆರೆತ ಕಡೆಗೆ ಅವರ ಹೆಸರನ್ನು ಕೇಳದೆ ಹಾಕಬಾರದು. ಇನ್ನು, ಕೈಯಲ್ಲಿ ಏನೂ ಇಲ್ಲದೆ ಬರೀ ರಸೀದಿ ಕೊಟ್ಟರೆ ಬೋಳು ಅನ್ನಿಸುತ್ತದೆ. ಒಂದು ಹಿಡಿ ಮಲ್ಲಿಗೆ, ಒಂದು ಸಿಹಿ ಜೊತೆಗಿರಲಿ. ತೆರಿಗೆಯ ವಿಷಯ ಕೇಳುವವರಿಗೆ: ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿ (80ಜಿ ಅಂತ ಹೆಸರಾದದ್ದು) ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ, ನಗದು ಕೊಟ್ಟರೆ 2,000 ರೂಪಾಯಿಯವರೆಗೆ ಮಾತ್ರ. ದುಡ್ಡು ಕೊಟ್ಟವರು ನೀವು, ಹಾಗಾಗಿ ರಸೀದಿ ನಿಮ್ಮ ಹೆಸರಲ್ಲಿರಲಿ, ಅಕ್ಕನಿಗೆ ಬೇರೆ ಒಂದು ಪತ್ರ ಬರೆದುಕೊಡಿ.

ಪ್ರವಾಸ

ಜಂಗಲ್ ಲಾಡ್ಜಸ್‌ನಲ್ಲಿ ಎರಡು ದಿನ, ಹಂಪಿಯ ಕಡೆ ಮಯೂರ ಹೋಟೆಲಿನಲ್ಲಿ ರೂಮು ಅಂತ ಹೊಸ ಜೋಡಿಗೆ ಕೊಡಲು ಆಸೆಯಾಗುತ್ತದೆ. ಖರ್ಚು ಜಾಸ್ತಿ, ಅದಕ್ಕಿಂತ ದೊಡ್ಡ ತೊಂದರೆ ದಿನಾಂಕ. ಅವರ ರಜೆ, ಮನೆಯ ಶಾಸ್ತ್ರ, ಆಷಾಢ ಎಲ್ಲವನ್ನೂ ನಾವು ಊಹಿಸಲು ಆಗುವುದಿಲ್ಲ. ಹೋಗಿ ಬರುವ ದಾರಿಖರ್ಚು ಅವರ ಮೇಲೆ ಬಿದ್ದರೆ ಅದು ಅರ್ಧ ಉಡುಗೊರೆ. ಅವರನ್ನು ಕೇಳಿಯೇ ಬುಕ್ ಮಾಡಿ, ಇಲ್ಲವಾದರೆ ಅಷ್ಟೇ ದುಡ್ಡನ್ನು ಕವರಿನಲ್ಲಿಟ್ಟು 'ಪ್ರವಾಸಕ್ಕೆ' ಅಂತ ಬರೆಯಿರಿ.

ವಯಸ್ಸಾದ ಅಪ್ಪ ಅಮ್ಮನಿಗೆ ಮಾತ್ರ ಪ್ರವಾಸ ಚೆನ್ನಾಗಿ ಒಗ್ಗುತ್ತದೆ. 2022ರ ನವೆಂಬರ್‌ನಲ್ಲಿ ಶುರುವಾದ ಕರ್ನಾಟಕದ ಕಾಶಿ ಯಾತ್ರೆಯ ರೈಲಿನಂಥದ್ದು ಅವರಿಗೆ ಅನುಕೂಲ. ಊಟ, ವಸತಿ, ಜೊತೆಗೆ ಕನ್ನಡದ ಜನ ಎಲ್ಲ ಇರುತ್ತದೆ. ಟಿಕೆಟ್ ಜೊತೆ ಔಷಧಿಯ ಡಬ್ಬಿ ಜೋಡಿಸಿ, ಸ್ಟೇಷನ್ನಿಗೆ ನೀವೇ ಬಿಟ್ಟು ಬನ್ನಿ.

ನಿಮ್ಮ ಕೈಕೆಲಸ, ನಿಮ್ಮ ಹೊತ್ತು

ಹಳೇ ಮೈಸೂರಿನ ಕಡೆ ಹಳ್ಳಿಗಳಲ್ಲಿ ಮುಯ್ಯಾಳು ಅಂತ ಒಂದು ಪದ್ಧತಿ. ನಿನ್ನ ಗದ್ದೆಗೆ ನಾನು ಬಂದು ದುಡಿಯುತ್ತೇನೆ, ನನ್ನ ಗದ್ದೆಗೆ ನೀನು ಬಾ, ಕೂಲಿ ಬೇಡ. ಮುಯ್ಯಿ ಅನ್ನುವ ಪದದಲ್ಲಿ ನೋಟಿನ ಜೊತೆ ದುಡಿಮೆಯೂ ಇತ್ತು. ಹಾಗಾಗಿ ದುಡಿಮೆಯನ್ನು ಉಡುಗೊರೆಯಾಗಿ ಕೊಡುವುದು ಹೊಸದೇನಲ್ಲ. ನಗರಕ್ಕೆ ಬಂದು ನಾವು ಅದನ್ನು ಮರೆತಿದ್ದೇವೆ.

ಇದಕ್ಕೆ ಒಳ್ಳೆಯ ಸಮಯ ಬಾಣಂತನ. ನನಗೆ ಎರಡನೇ ಮಗು ಆದಾಗ ಪಕ್ಕದ ಮನೆಯ ಆಂಟಿ ಒಂದು ತಿಂಗಳು ಬೆಳಿಗ್ಗೆ ಏಳೂಮುಕ್ಕಾಲಿಗೆ ಬಾಗಿಲು ತಟ್ಟಿ, ದೊಡ್ಡವನನ್ನು ಶಾಲೆಯ ಬಸ್ಸಿಗೆ ಹತ್ತಿಸಿ ಬರುತ್ತಿದ್ದರು. ಅವರು ಮೊದಲೇ ಹೇಳಿದ್ದರು: 'ಈ ತಿಂಗಳು ಮೂವತ್ತರವರೆಗೆ ಅವನು ನನ್ನ ಜವಾಬ್ದಾರಿ. ನೀನು ಎದ್ದೇಳಬೇಡ.' ಏನು ಮಾಡುತ್ತಾರೆ, ಎಲ್ಲಿಯವರೆಗೆ ಮಾಡುತ್ತಾರೆ ಎರಡೂ ಸ್ಪಷ್ಟ. ನನಗೆ ಕೇಳುವ ಸಂಕೋಚ ಇರಲಿಲ್ಲ, ಮೂವತ್ತರ ನಂತರ ಅವರಿಗೆ ನಿಲ್ಲಿಸುವ ಸಂಕೋಚವೂ ಇರಲಿಲ್ಲ.

'ಏನಾದ್ರೂ ಬೇಕಿದ್ರೆ ಹೇಳು' ಅನ್ನುವುದು ಒಳ್ಳೆಯ ಮಾತು, ಉಡುಗೊರೆ ಅಲ್ಲ. ನಿದ್ದೆಗೆಟ್ಟವಳು ಯೋಚಿಸಿ, ಮನಸ್ಸು ಗಟ್ಟಿ ಮಾಡಿ, ಫೋನ್ ಮಾಡಿ ಕೇಳಬೇಕು. ಬದಲಿಗೆ 'ಮಂಗಳವಾರ, ಶುಕ್ರವಾರ ಮಧ್ಯಾಹ್ನದ ಊಟ ನನ್ನದು, ಆರು ವಾರ' ಅಂತ ಹೇಳಿ. ಆಮೇಲೆ ಅವಳ ಅಮ್ಮನನ್ನೋ ಅತ್ತೆಯನ್ನೋ ಕೇಳಿ ಪಥ್ಯ ತಿಳಿದುಕೊಳ್ಳಿ. ಒಂದು ಮನೆಯಲ್ಲಿ ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ಬೇಕೇ ಬೇಕು. ಇನ್ನೊಂದು ಮನೆಯಲ್ಲಿ ಡಾಕ್ಟರ್ ಹೇಳಿದ್ದೇ ಕಡೆ. ನಾವು ಪಂಥ ಕಟ್ಟುವ ಜಾಗ ಅದಲ್ಲ. ಡಬ್ಬಿ ಹಿಂದಿರುಗಿಸುವ ಚಿಂತೆ ಬೇಡ ಅಂತ ಮೊದಲೇ ಹೇಳಿಬಿಡಿ. ಬಾಗಿಲಲ್ಲಿ ಕೊಟ್ಟು, ಮಗು ನೋಡುತ್ತೇನೆ ಅಂತ ಕೂರದೆ ಬಂದುಬಿಡಿ.

ಮದುವೆ ಮನೆಯಲ್ಲೂ ಇಂಥ ಕೆಲಸಗಳಿವೆ. ಹೊರಗಿನಿಂದ ಬಂದ ನೆಂಟರನ್ನು ಬಸ್‌ಸ್ಟ್ಯಾಂಡಿನಿಂದ ಕರೆತರುವುದು, ಛತ್ರ ಖಾಲಿ ಮಾಡುವ ರಾತ್ರಿ ಸಾಮಾನು ಎಣಿಸಿ ಟೆಂಪೋಗೆ ಏರಿಸುವುದು. ಫೋಟೊ ತೆಗೆಯುವುದು, ಮೆಹಂದಿ ಹಾಕುವುದು ನಿಮ್ಮ ಹೊಟ್ಟೆಪಾಡಿನ ಕಸುಬಾಗಿದ್ದರೆ, ಅದು ಉಡುಗೊರೆಯೋ ಕೂಲಿಯ ಕೆಲಸವೋ ಅನ್ನುವುದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಿ. ಅದನ್ನು ಹೇಳದೆ ಕೆಟ್ಟ ನೆಂಟಸ್ತಿಕೆಗಳನ್ನು ನಾನು ನೋಡಿದ್ದೇನೆ.

ಕೊಡುವಾಗ

ಮಾಮೂಲಿ ಅಲ್ಲದ ಉಡುಗೊರೆಯನ್ನು ವೇದಿಕೆಯ ಮೇಲೆ ಕೊಡಬೇಡಿ. ಹಿಂದೆ ನೂರು ಜನ ಸಾಲಿನಲ್ಲಿ ನಿಂತಿರುತ್ತಾರೆ, ಫೋಟೊದವರು ಅವಸರ ಮಾಡುತ್ತಾರೆ, ಮದುಮಕ್ಕಳಿಗೆ ಕೇಳಿಸಿಕೊಳ್ಳುವ ವ್ಯವಧಾನ ಇರುವುದಿಲ್ಲ. ಅಲ್ಲಿ 101ರ ಕವರ್ ಕೊಟ್ಟು ಕೈಮುಗಿದು ಇಳಿಯಿರಿ. ಉಡುಗೊರೆಯನ್ನು ವಾರ ಬಿಟ್ಟು ಮನೆಗೆ ಒಯ್ಯಿರಿ.

ಆಮಂತ್ರಣದಲ್ಲಿ 'ಆಶೀರ್ವಾದವೇ ಉಡುಗೊರೆ' ಅಂತ ಅಚ್ಚು ಹಾಕಿಸಿದ್ದರೆ ಅದನ್ನು ನಂಬಿ. ಅವರು ಯೋಚಿಸಿಯೇ ಬರೆದಿರುತ್ತಾರೆ. ಕೊಟ್ಟ ಮೇಲೆ ಅದನ್ನು ವಿಚಾರಿಸಬೇಡಿ. 'ಗಿಡ ಹೇಗಿದೆ? ಪುಸ್ತಕ ಓದಿದ್ರಾ?' ಅಂತ ಕೇಳಿದರೆ ಅವರು ಸುಳ್ಳು ಹೇಳಬೇಕಾಗುತ್ತದೆ. ದೊಡ್ಡ ಮೊತ್ತದ್ದು ಕೊಡುವವರಿಗೆ ಒಂದು ಸಣ್ಣ ಮಾತು: ಮದುವೆಗೆ ಬಂದ ಉಡುಗೊರೆಗೆ ಮದುಮಕ್ಕಳು ಆದಾಯ ತೆರಿಗೆ ಕಟ್ಟಬೇಕಿಲ್ಲ. ಗೃಹಪ್ರವೇಶಕ್ಕೆ ಆ ವಿನಾಯಿತಿ ಇಲ್ಲ. ಹತ್ತಿರದ ಸಂಬಂಧಿಗಳಲ್ಲದವರಿಂದ ವರ್ಷಕ್ಕೆ ಒಟ್ಟು 50,000 ರೂಪಾಯಿ ದಾಟಿದರೆ ತೆರಿಗೆ ಬರುತ್ತದೆ.

ಆ ಮೂವರಿಗೆ

ಮೈಸೂರಿನವರಿಗೆ: ಆಫೀಸಿನ ಸ್ನೇಹ, ಚಿಕ್ಕ ಫ್ಲ್ಯಾಟು, 1,500 ರೂಪಾಯಿ. ಬಳಸಿದ ವಸ್ತು, ದೊಡ್ಡ ಗಿಡ, ಗೋಡೆಗೆ ಹಾಕುವಂಥದ್ದು ಬೇಡ. ಅವರಿಗೆ ನಾಲ್ಕು ವರ್ಷದ ಮಗಳಿದ್ದಾಳೆ ಅಂತ ನೀವೇ ಹೇಳಿದಿರಿ. ಚನ್ನಪಟ್ಟಣದ ಬುಗುರಿ, ಆಟಿಕೆ ಸುಮಾರು 700 ರೂಪಾಯಿಗೆ, ಕನ್ನಡ ಚಿತ್ರಪುಸ್ತಕ 500ಕ್ಕೆ, ಉಳಿದದ್ದಕ್ಕೆ ಹೂವು, ಹಣ್ಣು, 101ರ ಕವರು. ಹೊಸ ಮನೆಯಲ್ಲಿ ಎಲ್ಲರೂ ದೊಡ್ಡವರಿಗೇ ತರುತ್ತಾರೆ.

ಹುಬ್ಬಳ್ಳಿಯ ತಮ್ಮನಿಗೆ: ಒಡವೆಯ ದುಡ್ಡು ಪೂರಾ ದಾನಕ್ಕೆ ಹಾಕಬೇಡ. ತಮ್ಮನಿಂದ ಒಂದು ಸಣ್ಣ ಬೆಳ್ಳಿಯ ವಸ್ತುವಾದರೂ ಬರಲಿ ಅಂತ ಅಮ್ಮನ ಮನಸ್ಸಿನಲ್ಲಿರುತ್ತದೆ. ಅದನ್ನು ಮಾಡು, ಉಳಿದದ್ದನ್ನು ಅಕ್ಕ ಓದಿದ ಶಾಲೆಗೆ ಕೊಡು. ಹೆಡ್‌ಮಾಸ್ಟರನ್ನು ಕೇಳಿ ಅವರಿಗೆ ಬೇಕಾದದ್ದನ್ನೇ ಕೊಡಿಸು. ಮದುವೆ ಗಲಾಟೆ ಮುಗಿದ ಮೇಲೆ ಅಕ್ಕನನ್ನು, ಭಾವನನ್ನು ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗು.

ಅಮೆರಿಕದವರಿಗೆ: ನಿಮ್ಮ ಹತ್ತಿರ ದುಡ್ಡಿದೆ, ಹತ್ತಿರದಲ್ಲಿ ನೀವಿಲ್ಲ. ಗೆಳತಿಯ ಬೀದಿಯಲ್ಲೇ ಮನೆಯೂಟ ಮಾಡಿಕೊಡುವ ಹೆಂಗಸು ಇದ್ದಾರಾ ಅಂತ ಅವಳ ಅಮ್ಮನ ಹತ್ತಿರ ಕೇಳಿ. ಇದ್ದರೆ ಆರು ವಾರಕ್ಕೆ ಮುಂಗಡ ಕೊಟ್ಟು, ಪಥ್ಯದ ಪಟ್ಟಿಯನ್ನು ಅಮ್ಮನಿಂದಲೇ ಅವರಿಗೆ ಹೇಳಿಸಿ. ಕೌದಿಯ ಆಸೆ ಇದ್ದರೆ ಅದೂ ಆಗುತ್ತದೆ. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಬೇಕಾದರೆ ಸೀರೆಗಳನ್ನು ಈಗಲೇ ಒಟ್ಟುಮಾಡಲು ಹೇಳಿ. ನಿಮ್ಮದೂ ಒಂದು ಹಳೆಯ ಚೂಡಿದಾರದ ವೇಲು ಆ ಕಟ್ಟಿಗೆ ಸೇರಲಿ, ಊರಿಗೆ ಬರುವವರ ಕೈಲಿ ಕಳಿಸಿ.